ಎಪ್ಪತ್ತಕ್ಕೆ ಶುರುವಾಗುವ ನಡುಕ

ಶಹಾಬಾದಿನಿಂದ ಚಿಂಚೋಳಿಗೆ ದಿನಾಲೂ ಹೋಗಿ ಬರುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಕಾರು ನೋಡುತ್ತಾರೆ. ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರದಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ರಕ್ತ, ಕಫ, ಮೂತ್ರ ಪರೀಕ್ಷೆ ಮಾಡಿ ಚೀಟಿ ಬರೆದುಕೊಡುವುದು. ನಮ್ಮವರು ಶಹಾಬಾದಿನಲ್ಲಿ ಶಾಲಾ ಮಾಸ್ತರು, ಮಗಳ ಶಾಲೆಯೂ ಅಲ್ಲೇ. ಎರಡು ವರ್ಷ ಬಸ್ಸು ಬದಲಿಸಿ ಬದಲಿಸಿ ಸಾಕಾದ ಮೇಲೆ ಹಳೆಯದೊಂದು ಸಣ್ಣ ಕಾರು ತೆಗೆದುಕೊಂಡೆವು. ಅದರ ಮೊದಲಿನ ಯಜಮಾನರು ನಿವೃತ್ತ ಗುಮಾಸ್ತರು. ಸಂತೆಗೆ, ಮದುವೆಗೆ, ಔಷಧಿ ಅಂಗಡಿಗೆ ಬಿಟ್ಟು ಬೇರೆಲ್ಲೂ ಅದನ್ನು ಒಯ್ದವರಲ್ಲ. ಸೀಟಿನ ಮೇಲೆ ಟವೆಲ್ ಹಾಸಿಯೇ ಕೊಟ್ಟರು. ಹತ್ತು ವರ್ಷ ಪೇಟೆ ಸುತ್ತಿದ ಆ ಕಾರು ನನ್ನ ಕೈಗೆ ಬಂದ ಮಾರನೆಯ ದಿನದಿಂದಲೇ ವಾಡಿ, ಚಿತ್ತಾಪುರ, ಸೇಡಂ ದಾಟಿ ಓಡತೊಡಗಿತು.

ಕಾರನ್ನು ನೋಡಿಕೊಳ್ಳುವುದು ನನಗೆ ಹೊರೆ ಅನಿಸಲಿಲ್ಲ. ಲ್ಯಾಬಿನ ಯಂತ್ರಗಳನ್ನು ದಿನಾ ಒರೆಸಿ, ತೊಳೆದು, ಅಳತೆ ಸರಿ ಇದೆಯೇ ಎಂದು ನೋಡುವ ಕೈಗೆ ಅದು ಹೊಸದೇನಲ್ಲ. ಭಾನುವಾರ ಬೆಳಿಗ್ಗೆ ಎಂಜಿನ್ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡುವುದು, ರೇಡಿಯೇಟರಿನ ನೀರು ನೋಡುವುದು, ಗಾಳಿ ಸೋಸುವ ಫಿಲ್ಟರ್ ಬಿಚ್ಚಿ ಗೋಡೆಗೆ ಬಡಿಯುವುದು. ಆ ಫಿಲ್ಟರಿನಿಂದ ಪ್ರತಿ ಸಲವೂ ಒಂದು ಹಿಡಿ ಬೂದು ಪುಡಿ ಉದುರುತ್ತಿತ್ತು. ಸಿಮೆಂಟಿನ ಲಾರಿಗಳ ಹಿಂದೆ ಅಷ್ಟು ದೂರ ಓಡಿದರೆ ಇನ್ನೇನಾದೀತು. ನನ್ನ ಮೂಗಿನೊಳಗೂ ಇಷ್ಟೇ ಇರಬಹುದೇ ಎಂದು ಒಮ್ಮೆ ಗಂಡನನ್ನು ಕೇಳಿದೆ. ಅವರು ಚಹಾ ಕುಡಿಯುವುದನ್ನು ಬಿಟ್ಟು ಎದ್ದು ಹೋದರು.

ನಡುಕ ಶುರುವಾದದ್ದು ಕಾರು ಬಂದ ಎರಡನೆಯ ವರ್ಷ. ವೇಗ ಅರವತ್ತಾಗುವ ತನಕ ಏನೂ ಇಲ್ಲ. ಮುಳ್ಳು ಎಪ್ಪತ್ತು ಮುಟ್ಟುತ್ತಲೇ ಸ್ಟೀರಿಂಗು ಸಣ್ಣಗೆ ನಡುಗುತ್ತಿತ್ತು, ಎಂಬತ್ತೈದು ದಾಟಿದರೆ ನಿಲ್ಲುತ್ತಿತ್ತು. ಕಲಬುರಗಿಯ ದೊಡ್ಡ ಟೈರ್ ಅಂಗಡಿಗೆ ಒಯ್ದೆವು. ಅವರು ಗಾಲಿ ನಾಲ್ಕೂ ಬಿಚ್ಚಿ, ತೊಳೆದು, ಯಂತ್ರಕ್ಕೆ ಹಾಕಿ ತಿರುಗಿಸಿ, ತೂಕ ಸರಿಮಾಡಲು ಅಂಚಿಗೆ ಸಣ್ಣ ಸೀಸದ ತುಂಡು ಹೊಡೆದು ಕೊಟ್ಟರು. ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ಮೂರು ವಾರಕ್ಕೆ ಮತ್ತೆ ಅದೇ ನಡುಕ. ಮತ್ತೆ ಒಯ್ದೆವು, ಮತ್ತೆ ಸರಿಯಾಯಿತು, ಮತ್ತೆ ಬಂತು. ಇದು ಜ್ವರ ಇಳಿದು ಏರುವ ಹಾಗಿದೆ ಅನಿಸಿತು ನನಗೆ. ಔಷಧಿ ಸರಿಯಾಗಿಯೇ ಇದೆ, ಆದರೆ ರೋಗ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ.

ಸೇಡಂ ದಾಟಿ ಚಿಂಚೋಳಿ ರಸ್ತೆಯಲ್ಲಿ ತಗಡಿನ ಪಂಕ್ಚರ್ ಅಂಗಡಿಯೊಂದಿದೆ. ಗಂಡ ಹೆಂಡತಿ ಇಬ್ಬರೂ ನಡೆಸುತ್ತಾರೆ. ಗಂಡನಿಗೆ ಸೊಂಟ ಹಿಡಿದ ಮೇಲೆ ಜಾಕು ಎತ್ತುವುದು, ಗಾಲಿ ಬಿಚ್ಚುವುದು ಹೆಂಡತಿಯ ಕೆಲಸವಾಗಿತ್ತು. ಆತ ಒಳಗೆ ಕುರ್ಚಿಯ ಮೇಲೆ ಕೂತು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದರು. ಆಕೆಗೆ ನಲವತ್ತೈದು ಇರಬಹುದು. ಸೀರೆಯ ಮೇಲೆ ಗಂಡನ ಹಳೆಯ ನೀಲಿ ಅಂಗಿ ಹಾಕಿಕೊಂಡು, ತೋಳು ಮಡಚಿ ಕೆಲಸಕ್ಕೆ ನಿಲ್ಲುತ್ತಿದ್ದರು. ಗಾಳಿ ತುಂಬಿಸಲು ನಿಂತ ಒಂದು ಬೆಳಿಗ್ಗೆ ಸುಮ್ಮನೆ ಅವರ ಮುಂದೆ ಈ ನಡುಕದ ಸಂಗತಿ ಹೇಳಿದೆ.

ಅವರು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಬ್ರೇಕ್ ಒತ್ತಿದಾಗ ಹೆಚ್ಚಾಗುತ್ತದೆಯೇ, ಬೆಳಿಗ್ಗೆ ಹೆಚ್ಚೋ ಸಂಜೆಯೋ, ಕೈಗೆ ಗೊತ್ತಾಗುತ್ತದೋ ಕುಂಡಿಗೆ ಗೊತ್ತಾಗುತ್ತದೋ. ಕೊನೆಯ ಪ್ರಶ್ನೆಗೆ ನಾನು ನಕ್ಕೆ, ಅವರು ನಗಲಿಲ್ಲ. ಕೈಗೆ ಗೊತ್ತಾದರೆ ಮುಂದಿನ ಗಾಲಿ, ಸೀಟಿಗೆ ಗೊತ್ತಾದರೆ ಹಿಂದಿನದು ಎಂದು ವಿವರಿಸಿದರು. ಆಮೇಲೆ ಹೇಳಿದರು:

"ಹದಿನಾರು ವರ್ಷ ಆಯ್ತ್ರಿ ಗಾಲಿ ಬಿಚ್ಚಲಿಕತ್ತು. ಖರೇ ಆ ನಡುಕ ಹ್ಯಾಂಗಿರ್ತದ ಅಂತ ನನಗ ಗೊತ್ತಿಲ್ರಿ. ಒಮ್ಮಿ ಕುಂತು ನೋಡ್ಲೇನ್ರಿ?"

ನನಗೆ ಆಶ್ಚರ್ಯವಾಯಿತು. ದಿನಕ್ಕೆ ಹತ್ತಾರು ಗಾಡಿಗಳನ್ನು ಓಡುವ ಹಾಗೆ ಮಾಡಿ ಕಳಿಸುವವರು ಅವುಗಳಲ್ಲಿ ಕೂತು ಒಂದು ಕಿಲೋಮೀಟರೂ ಹೋದವರಲ್ಲ. ನಿಂತ ಗಾಡಿಯಷ್ಟೇ ಅವರಿಗೆ ಗೊತ್ತು. ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ನೀಲಿ ಅಂಗಿ ಬಿಚ್ಚಿಟ್ಟು ನನ್ನ ಪಕ್ಕ ಕೂತರು. ಚಪ್ಪಲಿ ಬಿಚ್ಚಿ ಬರಿಗಾಲನ್ನು ಕಾರಿನ ನೆಲಕ್ಕೆ ಊರಿದರು. ರಸ್ತೆ ಖಾಲಿ ಇತ್ತು, ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು. ಮುಳ್ಳು ಎಪ್ಪತ್ತು ಮುಟ್ಟಿತು. ಅವರು ಕಣ್ಣು ಮುಚ್ಚಿಕೊಂಡರು. ಮತ್ತೊಮ್ಮೆ ನಿಧಾನ ಮಾಡಿ ಮತ್ತೊಮ್ಮೆ ಏರಿಸಿರೆಂದರು. ಮೂರನೆಯ ಸಲಕ್ಕೆ ಕಣ್ಣು ತೆರೆದು, ನನ್ನ ಕಡೆಯದಲ್ಲ, ತಮ್ಮ ಕಡೆಯದು, ಮುಂದಿನ ಎಡಗಾಲಿ ಅಂದರು. ಅವರ ಬಲ ಪಾದಕ್ಕಿಂತ ಎಡ ಪಾದಕ್ಕೆ ಹೆಚ್ಚು ಬಡಿಯುತ್ತಿದೆಯಂತೆ.

ಹಿಂದಿರುಗಿ ಆ ಗಾಲಿ ಬಿಚ್ಚಿದರು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಮಗುಚಿ ಒಳಬದಿ ತೋರಿಸಿದಾಗ ರಿಮ್ಮಿನ ಒಳಗೋಡೆಗೆ ಅಂಗೈಯಷ್ಟು ಅಗಲದ ಬೂದು ಹೆಪ್ಪು ಮೆತ್ತಿ ಒಣಗಿತ್ತು. ಒಂದೇ ಜಾಗದಲ್ಲಿ, ಒಂದೇ ಕಡೆ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಕಲ್ಲಿನ ಚಕ್ಕೆಯ ಹಾಗೆ ಎದ್ದು ಬಂತು. ಇಷ್ಟು ಭಾರ ಒಂದು ಮಗ್ಗುಲಿಗೆ ಕೂತರೆ ಗಾಲಿ ನಡುಗದೆ ಏನು ಮಾಡೀತು. ಅದನ್ನು ಕೆರೆದು ತೆಗೆದು, ಚಕ್ಕೆಯನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, ಇದು ಎಲ್ಲಿಯದು ಎಂದು ನಿಮ್ಮ ಲ್ಯಾಬಿನ ಮಷೀನಿನಲ್ಲಿ ನೋಡಿರೆಂದರು.

ನಮ್ಮ ಮಷೀನುಗಳು ಮನುಷ್ಯರ ರಕ್ತ ನೋಡುವಂಥವು. ಆದರೂ ಆ ಮಾತು ನನ್ನ ತಲೆಯಲ್ಲಿ ಕೂತಿತು. ಹಳೆಯ ಕಾಲದಲ್ಲಿ ಹಿಮೋಗ್ಲೋಬಿನ್ ನೋಡಲು ಬಳಸುತ್ತಿದ್ದ ತೆಳು ಆಮ್ಲದ ಬಾಟಲಿ ಕಪಾಟಿನ ಮೂಲೆಯಲ್ಲಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಚಕ್ಕೆಯನ್ನು ಪುಡಿ ಮಾಡಿ ಒಂದು ಹನಿ ಬಿಟ್ಟೆ. ಸರ್ರನೆ ನೊರೆ ಬಂತು. ಸುಣ್ಣದ ಅಂಶವಿರುವ ಕಲ್ಲು ಹೀಗೆ ನೊರೆಯುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಿತ್ತು. ನಮ್ಮ ಶಹಾಬಾದಿನ ಸುಣ್ಣದ ಹಾಸುಗಲ್ಲೇ ಇದು ಎಂದು ಗೆದ್ದವಳ ಹಾಗೆ ಕೂತೆ.

ಆ ಗೆಲುವು ಒಂದು ದಿನವೂ ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಸಣ್ಣ ಬಾಟಲಿಯಲ್ಲಿ ಅದೇ ಆಮ್ಲ ತಂದು ಆಕೆಗೆ ತೋರಿಸಿದೆ. ಅವರು ನೊರೆಯನ್ನು ಮಕ್ಕಳ ಹಾಗೆ ಬಗ್ಗಿ ನೋಡಿದರು. ಆಮೇಲೆ ಎದ್ದು ಹೋಗಿ, ಕೋಡ್ಲಾದ ಸಿಮೆಂಟ್ ಕಾರ್ಖಾನೆ ಕಡೆಯಿಂದ ಬಂದು ನಿಂತಿದ್ದ ಲಾರಿಯ ಮಡ್ಗಾರ್ಡಿನಿಂದ ಒಂದಿಷ್ಟು ಸಿಮೆಂಟಿನ ಪುಡಿ ಕೆರೆದು ತಂದರು. ಅದೂ ನೊರೆಯಿತು. ಅಂಗಡಿಯ ಹಿಂದಿನ ಹೊಲದಿಂದ ಎರೆಮಣ್ಣು ತಂದರು. ಅದರಲ್ಲಿ ಬೆರೆತಿದ್ದ ಸುಣ್ಣಗಲ್ಲಿನ ಹರಳುಗಳೂ ನೊರೆದವು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಈ ಸೀಮೆಯ ನೆಲವೆಲ್ಲ ಸುಣ್ಣದ್ದೇ ಆದಮೇಲೆ ನನ್ನ ಪರೀಕ್ಷೆ ಹೇಳುವುದಾದರೂ ಏನನ್ನು.

ಒಳಗಿನಿಂದ ಆಕೆಯ ಗಂಡ ತೇಪೆಯ ಮೇಲಿನ ಕಣ್ಣು ಎತ್ತದೆ ಹೇಳಿದರು:

"ಯಾವ್ ಮಣ್ಣು ಅಂತ ಯಾಕ ಕೇಳ್ತೀರಿ? ಯಾವ್ ಊರಾಗ ಹತ್ತತದ ಅಂತ ನೋಡ್ರಿ. ಗಾಲಿ ತೊಳಕೊಂಡು ಹೊಂಡ್ರಿ, ಒಂದೊಂದ್ ಊರಿಗಿ ಇಳಿದು ನೋಡ್ರಿ."

ಎಷ್ಟು ಸರಳವಾದ ಮಾತು. ಒಂದೊಂದನ್ನೇ ಬೇರೆ ಮಾಡಿ ನೋಡುವುದು, ಲ್ಯಾಬಿನಲ್ಲಿ ದಿನಾ ಮಾಡುವುದೇ ಅದು. ಮರುದಿನ ಮುಂದಿನ ಎಡಗಾಲಿಯ ಒಳಮೈಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು ಹೊರಟೆ. ಚಿತ್ತಾಪುರದಲ್ಲಿ ನಿಲ್ಲಿಸಿ, ಮೊಬೈಲ್ ಬೆಳಕು ಹಿಡಿದು ಕೆಳಗೆ ಬಗ್ಗಿದೆ. ಬೂದು ರಾಡಿ ಆಗಲೇ ಹತ್ತಿತ್ತು, ಇನ್ನೂ ಹಸಿಯಿತ್ತು. ಅಲ್ಲಿ ನಿಂತಿದ್ದ ಒಬ್ಬ ಹಿರಿಯರು ಏನು ಕಳಕೊಂಡಿರಿ ಎಂದು ಕೇಳಿ ತಾವೂ ಬಗ್ಗಿ ಹುಡುಕತೊಡಗಿದರು. ಅದರ ಮರುದಿನ ಮತ್ತೆ ತೊಳೆದು ಹೊರಟು ವಾಡಿಯಲ್ಲಿ ನೋಡಿದೆ, ಅಲ್ಲಿಗೂ ಮೊದಲೇ ಬಂದಿತ್ತು. ಮೂರನೆಯ ದಿನ ನಮ್ಮ ಗಲ್ಲಿ ಮುಗಿದು ದೊಡ್ಡ ರಸ್ತೆ ಹತ್ತುವಲ್ಲೇ ಇಳಿದೆ. ಗಾಲಿಯಿಂದ ಬೂದು ನೀರು ತೊಟ್ಟಿಕ್ಕುತ್ತಿತ್ತು.

ನೂರು ಕಿಲೋಮೀಟರಿನ ದಾರಿಯ ಮೇಲೆ ಅನುಮಾನಪಟ್ಟಿದ್ದೆ, ಕಳ್ಳ ನಮ್ಮ ಮನೆಯಿಂದ ನೂರು ಹೆಜ್ಜೆಯಲ್ಲಿದ್ದ. ಗಲ್ಲಿಯ ತಿರುವಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಿದೆ. ಕಲ್ಲು ತಿಕ್ಕಿದ ನೀರು ಹರಿಯುವ ಗಟಾರು ಎಡಗಡೆ ಒಡೆದು, ರಸ್ತೆಯ ಅಂಚಿಗೆ ಅಂಬಲಿಯಷ್ಟು ದಪ್ಪದ ಹೊಂಡ ಕಟ್ಟಿತ್ತು. ಎದುರಿನಿಂದ ಬರುವ ಕಲ್ಲಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಡಲು ನಾನು ದಿನಾಲೂ ಎಡಕ್ಕೆ ಒತ್ತಿ, ಅದರಲ್ಲೇ ಹಾಯುತ್ತಿದ್ದೆ. ಈ ಊರಿನಲ್ಲಿ ಹುಟ್ಟಿದಂದಿನಿಂದ ನೋಡಿದ ನೀರು, ಅದಕ್ಕೇ ಅದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಕಾರ್ಖಾನೆಯ ಹಿರಿಯ ಕೆಲಸಗಾರರೊಬ್ಬರನ್ನು ಕರೆದು ಗಾಲಿ ತೋರಿಸಿದೆ. ಅವರಿಗೆ ಬೇಜಾರಿಗಿಂತ ಬೆರಗೇ ಹೆಚ್ಚಾಯಿತು. ಈ ನೀರಿನ ಬಗ್ಗೆ ಸೊಳ್ಳೆಗೆ ಜಗಳಾಡಿದವರಿದ್ದಾರೆ, ವಾಸನೆಗೆ ಜಗಳಾಡಿದವರಿದ್ದಾರೆ, ಗಾಲಿ ನಡುಗುತ್ತದೆ ಎಂದು ಬಂದವರು ನೀವೇ ಮೊದಲು ಎಂದರು. ಆ ವಾರದಲ್ಲೇ ಗಟಾರು ಕಟ್ಟಿಸಿ, ಮೇಲೆ ಎರಡು ದೊಡ್ಡ ಹಾಸುಗಲ್ಲು ಎಳೆದು ಹಾಕಿಸಿದರು. ಅಂಚು ಮುಕ್ಕಾದ, ಮಾರಲು ಬಾರದಂಥ ಕಲ್ಲುಗಳು ಅವು.

ಕಾರು ಸುಮ್ಮನಾಯಿತು. ಒಂದು ತಿಂಗಳು ಕಳೆದ ಮೇಲೂ ಎಪ್ಪತ್ತು, ಎಪ್ಪತ್ತೈದು, ಎಂಬತ್ತು, ಕೈಯಲ್ಲಿ ಏನೂ ಇಲ್ಲ. ಖುಷಿಯ ಜೊತೆಗೆ ಏನೋ ಕಳೆದ ಹಾಗೂ ಅನಿಸಿತು. ಅಷ್ಟು ದಿನ ಕಿವಿ, ಅಂಗೈ, ಪಾದ ಎಲ್ಲ ಎಚ್ಚರವಿದ್ದವು.

ಸೇಡಂ ದಾಟಿ ಅಂಗಡಿಯ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದರು, ತಲೆಯಾಡಿಸಿದರು, ಆದರೆ ಮುಖದಲ್ಲಿ ಸಮಾಧಾನವಿರಲಿಲ್ಲ.

"ಹಿಂದಿನ ಎಡಗಾಲಿನೂ ಅದೇ ನೀರಾಗ ಹಾದದಲ್ರಿ. ಅದ್ಯಾಕ ನಡಗಲಿಲ್ಲ?"

 ಹಾಗೆ ಕೇಳಿದವರೇ ಜಾಕು ತಂದು ಹಿಂದಿನ ಗಾಲಿ ಬಿಚ್ಚಿದರು. ಒಳಗೆ ಹಳೆಯ ಬೂದು ಹೆಪ್ಪು ಇತ್ತು, ಆದರೆ ಸುತ್ತಲೂ ಒಂದೇ ಸಮ, ಕುಂಬಾರ ಬಳಿದ ಹಾಗೆ. ಸಮನಾಗಿ ಕೂತದ್ದಕ್ಕೇ ನಡುಕವಿರಲಿಲ್ಲ, ಸರಿ. ಆದರೆ ಮುಂದಿನದರಲ್ಲಿ ಒಂದೇ ಕಡೆ, ಹಿಂದಿನದರಲ್ಲಿ ಸುತ್ತಲೂ ಕೂತದ್ದು ಯಾಕೆ? ಗಲ್ಲಿಯ ತಿರುವಿನಲ್ಲಿ ಕಾರು ಹೇಗೆ ಹೊರಳಿಸುತ್ತೀರಿ, ಟ್ರ್ಯಾಕ್ಟರ್ ಬಂದರೆ ನಿಲ್ಲುತ್ತೀರೋ ಹಾಯುತ್ತೀರೋ ಎಂದು ಕೇಳಿದರು. ಟೈರಿಗೆ ಗುರುತು ಹಾಕುವ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ನಮ್ಮ ಗಲ್ಲಿ ಬರೆಯಲು ಹೇಳಿದರು. ನಾನು ಕುಕ್ಕರುಗಾಲಿನಲ್ಲಿ ಕೂತು ಬರೆದೆ. ಡ್ಯೂಟಿಗೆ ಹೊತ್ತಾಗಿತ್ತು, ಆದರೂ ಏಳಲಿಲ್ಲ. ಅವರು ಆ ಗೆರೆಗಳ ಮೇಲೆ ಒಂದು ನಟ್ಟು ಇಟ್ಟು, ಅದನ್ನೇ ಕಾರು ಮಾಡಿ, ಬೆರಳಿನಿಂದ ಮೆಲ್ಲಗೆ ತಿರುವಿನ ಕಡೆ ತಳ್ಳತೊಡಗಿದರು.