ನಾಗವೇಣಕ್ಕ ಹುಡುಕಿದ ತುಂಡುಗಳು

ನಾಗವೇಣಕ್ಕ ಟಿವಿಯನ್ನು ಸೌಂಡ್ ಇಲ್ಲದೆ ನೋಡುತ್ತಿದ್ದರು. ಹಳದೀಪುರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವರ ಮನೆ, ಜಗಲಿಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಶಿನ್ನು. ಅದರ ಸದ್ದಿಗೆ ಟಿವಿಯ ಮಾತು ಕೇಳುತ್ತಿರಲಿಲ್ಲ. ಮೊದಮೊದಲು ಸೌಂಡ್ ಜಾಸ್ತಿ ಮಾಡಿ ನೋಡಿದರು. ಪಕ್ಕದ ಮನೆಯವರು ಬೈದರು ಎಂದು ಪೂರಾ ತೆಗೆದೇ ಬಿಟ್ಟರು. ಆ ಪಕ್ಕದ ಮನೆಯವನು ನಾನೇ. ಕೆಲವೇ ದಿನಗಳಲ್ಲಿ ಅವರಿಗೆ ಅದು ರೂಢಿಯಾಯಿತು. ಧಾರಾವಾಹಿ ತಪ್ಪಿಸಿಕೊಂಡ ಹೆಂಗಸರು ಕಥೆ ಕೇಳಲು ಇವರ ಹತ್ತಿರ ಬರುತ್ತಿದ್ದರು. ಮಾತು ಕೇಳಿ ನೋಡಿದವರಿಗಿಂತ ಇವರಿಗೇ ಹೆಚ್ಚು ಗೊತ್ತಿರುತ್ತಿತ್ತು.

"ಮಾತು ಕೇಳ್ತಾ ನೋಡಿದ್ರೆ ಅವ್ರು ಹೇಳಿದ್ದೇ ಖರೆ ಅನ್ನಿಸ್ತದೆ ತಮಾ," ಎಂದು ಒಮ್ಮೆ ನನಗೆ ಹೇಳಿದ್ದರು. "ಮಾತು ತೆಗ್ದು ನೋಡು. ಯಾರು ಯಾರಿಗೆ ಹೆದರ್ತ್ರು ಅಂತ ಗೊತ್ತಾಗ್ತದೆ."

ನನಗೀಗ ಅರವತ್ತೊಂಬತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿತವನು. ಆಮೇಲೆ ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿ ಕುಮಟಾದಿಂದ ಭಟ್ಕಳದವರೆಗೆ ಎಷ್ಟೋ ಮದುವೆಗಳನ್ನು ತೆಗೆದೆ. ನಾಗವೇಣಕ್ಕನ ಬಗ್ಗೆ ಬರೆಯಬೇಕೆಂದು ಕುಳಿತರೆ ನಾನು ಅವರಿಗೆ ಮಾಡಿದ್ದನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಬಿಟ್ಟು ಬರೆದರೆ ಅದೂ ಒಂದು ಕತ್ತರಿಸಿದ ಕ್ಯಾಸೆಟ್ಟೇ ಆಗುತ್ತದೆ.

ಅವರಿಗೆ ಮದುವೆಯಾದ ನಾಲ್ಕನೇ ವರ್ಷ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಅಣ್ಣನ ಮನೆಗೆ ಬಂದರು. ಅಣ್ಣನ ಹೆಂಡತಿ ಹೆರಿಗೆಯಲ್ಲಿ ಹೋದಾಗ ಉಳಿದ ಕೂಸು ಶೋಭಾ. ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಮಶಿನ್ನು ತುಳಿದವರು ಇವರು. ಶೋಭಾ ಅವರನ್ನು ಅತ್ತೆ ಎಂದು ಕರೆಯುತ್ತಿದ್ದಳು, ಆದರೆ ಜ್ವರ ಬಂದಾಗ ಅವಳ ಬಾಯಲ್ಲಿ ಅಮ್ಮ ಎಂದು ಬರುತ್ತಿತ್ತು ಎಂದು ನಾಗವೇಣಕ್ಕನೇ ನಗುತ್ತ ಹೇಳುತ್ತಿದ್ದರು. ಇಪ್ಪತ್ತೇಳು ವರ್ಷದ ಹಿಂದೆ ಶೋಭಾಳನ್ನು ಭಟ್ಕಳಕ್ಕೆ ಕೊಟ್ಟರು. ಆ ಮದುವೆಯ ವಿಡಿಯೋ ತೆಗೆದವನು ನಾನು.

ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾಗವೇಣಕ್ಕ ಒಬ್ಬರೇ ಇದ್ದರು. ಶೋಭಾಳ ಮಗಳು ಮಾನಸಾಗೆ ಹೊನ್ನಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ದಿನಾ ಭಟ್ಕಳದಿಂದ ಓಡಾಡುವುದು ಬೇಡವೆಂದು ಅಜ್ಜಿಯ ಮನೆಯಲ್ಲಿ ಬಂದು ಉಳಿದಳು. ಬರುವಾಗ ಲ್ಯಾಪ್‌ಟಾಪು, ಅದರಲ್ಲಿ ಒಂದು ಗೇಮು. ಗೇಮು ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದುಕೊಂಡಿದ್ದೆ. ಇದು ಹಾಗಲ್ಲ. ಕಾರ್ಟೂನೂ ಅಲ್ಲ, ಸಿನಿಮಾದ ಹಾಗೆ ನಿಜವಾದ ನಟರನ್ನು ಇಟ್ಟು ತೆಗೆದ ವಿಡಿಯೋ. ಹಿಮ ಬೀಳುವ ಯಾವುದೋ ದೇಶದಲ್ಲಿ ಒಂದು ವಸತಿಗೃಹ, ಅದರ ಯಜಮಾನನ ಮಗಳು ಕಾಣೆಯಾಗಿದ್ದಾಳೆ. ಮನೆಯವರು ತೆಗೆದುಕೊಂಡ ವಿಡಿಯೋ, ಪೊಲೀಸರ ಮುಂದೆ ಹೇಳಿದ ಹೇಳಿಕೆ, ಎಲ್ಲವೂ ಸಣ್ಣ ಸಣ್ಣ ತುಂಡುಗಳಾಗಿ ಹಿಂದುಮುಂದಾಗಿ ಬಿದ್ದಿವೆ. ಒಂದು ಶಬ್ದ ಟೈಪ್ ಮಾಡಿದರೆ ಆ ಶಬ್ದ ಆಡಿದ ತುಂಡುಗಳಷ್ಟೇ ಬರುತ್ತವೆ. ಯಾವ ಶಬ್ದ ಎಂದು ಯಾರೂ ಹೇಳಿಕೊಡುವುದಿಲ್ಲ. ನೋಡಿ, ಯೋಚಿಸಿ, ಇನ್ನೊಂದು ಶಬ್ದ ಹುಡುಕಿ, ಕೊನೆಗೆ ಏನಾಯಿತೆಂದು ನಾವೇ ಜೋಡಿಸಿಕೊಳ್ಳಬೇಕು.

ಮಾನಸಾ ಹದಿನೈದು ದಿನ ಆಡಿ ಸೋತಿದ್ದಳು. ಇಂಗ್ಲಿಷ್ ಬಾರದ ನಾಗವೇಣಕ್ಕ ಬಟ್ಟೆಗೆ ಕಾಜಾ ಹೊಲಿಯುತ್ತ ಹಿಂದಿನಿಂದ ನೋಡುತ್ತಿದ್ದರು. ಯಜಮಾನನಿಗೆ ಅವರು ಇಟ್ಟ ಹೆಸರು ಕೋಟಿನವ.

"ಆ ಕೋಟಿನವನ ಎರಡ್ನೇ ಗುಂಡಿ ನೋಡೇ," ಎಂದರು ಒಂದು ಭಾನುವಾರ. "ಬಾಕಿ ಗುಂಡಿಗೆ ಕಪ್ಪು ದಾರ, ಅದಕ್ಕೊಂದಕ್ಕೆ ನೀಲಿ. ಮಗಳು ಕಾಣೆಯಾದ ದಿನದ ತುಂಡಲ್ಲಿ ಆ ಗುಂಡಿನೇ ಇರ್ಲಿಲ್ಲ."

"ಅದಕ್ಕೆ ಎಂತ ಅಜ್ಜಿ?"

"ನೀಲಿ ದಾರ ಆ ಹುಡುಗಿ ಪೆಟ್ಟಿಗೇಲಿ ಇತ್ತು. ಮಗಳು ಹೋದ್ಮೇಲೆ ಅವಳನ್ನ ನೋಡೇ ಇಲ್ಲ ಅಂತಾನೆ ಅವ ಅಂತ ನೀನೇ ಹೇಳಿದ್ಯಲ್ಲ, ಮತ್ತೆ ಗುಂಡಿ ಹೊಲ್ದೋರು ಯಾರು? ಗುಂಡಿ ಅಂತ ಹಾಕು ಅದ್ರಲ್ಲಿ."

ಮಾನಸಾ ಗುಂಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನು ಟೈಪ್ ಮಾಡಿದಳು. ಅಲ್ಲಿಯವರೆಗೆ ಕಾಣದಿದ್ದ ತುಂಡೊಂದು ಬಂತು. ಕಾಣೆಯಾಗಿದ್ದ ಹುಡುಗಿ ಬೇರೆ ಯಾವುದೋ ಕೋಣೆಯಲ್ಲಿ ಕುಳಿತು ಅಪ್ಪನ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳು ಬದುಕಿದ್ದಳು, ಅಪ್ಪನೇ ಅಡಗಿಸಿಟ್ಟಿದ್ದ. ಮಾನಸಾ ಅಜ್ಜಿಯನ್ನು ತಬ್ಬಿಕೊಂಡಳು. ಸೂಜಿ ಚುಚ್ಚೀತು ದೂರ ಇರು ಎಂದರು ಅವರು.

ಆಮೇಲೆ ಅಂಥವೇ ಇನ್ನೆರಡು ಗೇಮು ಆಡಿದರು. ನಾನು ಸಂಜೆ ಚಾ ಕುಡಿಯಲು ಹೋದಾಗ ಅವರಿಗೆ ಮಾತನಾಡಲೂ ಪುರಸೊತ್ತು ಇರುತ್ತಿರಲಿಲ್ಲ.

"ಪೊಲೀಸ್ ಆಗ್ಬೇಕಿತ್ತು ಅಕ್ಕಾ ನೀವು," ಎಂದು ಚೇಷ್ಟೆ ಮಾಡಿದೆ.

"ಪೊಲೀಸ್ರಿಗೆ ಪುರ್ಸೊತ್ತಿಲ್ಲ. ನಂಗೆ ಅದೆ."

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಇಷ್ಟು ವರ್ಷ ವಿಡಿಯೋ ತೆಗೆದವನು ಎಂಬ ಜಂಬ ನನಗೆ. ಅವರ ಪಕ್ಕ ಕುರ್ಚಿ ಎಳೆದುಕೊಂಡು ಪಾಠ ಹೇಳತೊಡಗಿದೆ. ಗೋಡೆಯ ಮೇಲಿನ ನೆರಳು ಒಮ್ಮೆಲೇ ಜಿಗಿದರೆ ನಡುವೆ ಏನೋ ತೆಗೆದಿದ್ದಾರೆಂದು ತಿಳಿಯಬೇಕು. ಲೋಟದಲ್ಲಿ ಚಾ ಒಮ್ಮೆಲೇ ಕಡಿಮೆಯಾದರೂ ಹಾಗೆಯೇ. ಎಲ್ಲರೂ ಒಂದೇ ಕಡೆ ನೋಡಿ ನಗುತ್ತಿದ್ದು, ಆ ಕಡೆ ಯಾರೆಂದು ತೋರಿಸದಿದ್ದರೆ ಅಲ್ಲಿ ಕತ್ತರಿ ಬಿದ್ದಿದೆ. ನಾಗವೇಣಕ್ಕ ಮಗ್ಗಿ ಕಲಿಯುವ ಮಕ್ಕಳ ಹಾಗೆ ತಲೆಯಾಡಿಸುತ್ತ ಕೇಳಿದರು.

ಚೌತಿ ಹಬ್ಬಕ್ಕೆ ಊರಿಗೆ ಹೋಗಿದ್ದ ಮಾನಸಾ ಭಟ್ಕಳದಿಂದ ಒಂದು ಪೆನ್‌ಡ್ರೈವ್ ತಂದಳು. ಶೋಭಾ ತನ್ನ ಮದುವೆಯ ಹಳೆಯ ಕ್ಯಾಸೆಟ್ಟನ್ನು ಕುಮಟಾದ ಸ್ಟುಡಿಯೋದಲ್ಲಿ ಕೊಟ್ಟು ಅದಕ್ಕೆ ಹಾಕಿಸಿದ್ದಳು. ಅಜ್ಜಿ, ಮೊಮ್ಮಗಳು ನಾಲ್ಕು ದಿನ ಅದನ್ನು ನೋಡಿದರಂತೆ. ಐದನೇ ದಿನ ಬೆಳಿಗ್ಗೆ ನನ್ನನ್ನು ಕರೆದರು. ಮಾನಸಾ ಕೆಲಸಕ್ಕೆ ಹೋಗಿದ್ದಳು. ಲ್ಯಾಪ್‌ಟಾಪು ಮಶಿನ್ನಿನ ಹಲಗೆಯ ಮೇಲೆ ತೆರೆದಿತ್ತು.

"ತಮಾ, ಆ ಮದುವೆ ಕ್ಯಾಸೆಟ್ಟಲ್ಲಿ ನಾ ಯಾಕಿಲ್ಲ ಅಂತ ಆಗ ಕೇಳಿದ್ದೆ. ನೀ ಎಂತ ಹೇಳಿದ್ದೆ?"

"ಬ್ಯಾಟರಿ ಮುಗ್ದಿತ್ತು ಅಕ್ಕಾ."

"ಹೌದು. ನಾನೂ ಹೌದು ಅಂದ್ಕಂಡಿದ್ದೆ." ಅವರು ಪರದೆಗೆ ಬೆರಳು ಇಟ್ಟರು. "ಇಲ್ಲಿ ಶೋಭಾ ತಲೇಲಿ ಹೂವಿಲ್ಲ. ಇಲ್ಲಿ ಅದೆ. ಗೋಡೆ ಮೇಲೆ ನೆರಳು ಜಿಗೀತು. ಹೂ ಮುಡಿಸ್ದವಳು ನಾನು. ಇಲ್ಲಿ ಅಣ್ಣ ಬಾಗಿಲ ಕಡೆ ನೋಡಿ ಕಣ್ಣು ಒರೆಸ್ಕಂತಾನೆ. ಬಾಗಿಲಲ್ಲಿ ನಿಂತವಳು ನಾನು. ಹೀಂಗೆ ಹನ್ನೊಂದು ಕಡೆ. ಬ್ಯಾಟರಿ ಮುಗೀತು ಅಂದ್ರೆ ಒಂದ್ಕಡೆ ಮುಗೀಬೇಕು. ನಿನ್ನ ಬ್ಯಾಟರಿಗೆ ನನ್ನ ಗುರ್ತು ಇತ್ತಾ?"

ಅವರು ಸಿಟ್ಟಿನಿಂದ ಕೇಳಿರಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತೇನೋ. ನನಗೆ ಭಯವಾಯಿತು. ಆ ಭಯದಲ್ಲಿ ಬಾಯಿಗೆ ಬಂದದ್ದು ಹೇಳಿದೆ.

"ಗಂಡಿನ ಕಡೆಯವ್ರು ಹೇಳಿದ್ರು ಅಕ್ಕಾ. ಬೋಳು ಹಣೆ ಕಾಣ್ಬಾರ್ದು ಅಂತ. ನಾ ಕೂಲಿಯವ, ಎಂತ ಮಾಡ್ಲಿ?"

"ಶೋಭಾಗೆ ಗೊತ್ತಿತ್ತಾ?"

ಅವಳಿಗೆ ಗೊತ್ತಿರಲಿಲ್ಲ ಎಂದರೆ ಅವರು ಶೋಭಾಳನ್ನು ವಿಚಾರಿಸುತ್ತಿದ್ದರು, ನನ್ನ ಸುಳ್ಳು ಹೊರಬೀಳುತ್ತಿತ್ತು. "ಗೊತ್ತಿತ್ತು," ಎಂದೆ.

ನಾಗವೇಣಕ್ಕ ಲ್ಯಾಪ್‌ಟಾಪು ಮುಚ್ಚಿದರು. "ಆತು," ಎಂದು ಹೇಳಿ ಬಟ್ಟೆ ಎತ್ತಿಕೊಂಡರು.

ಅಲ್ಲಿಯವರೆಗೆ ಅವರು ತಿಂಗಳಿಗೊಮ್ಮೆ ತಪ್ಪದೆ ಭಟ್ಕಳಕ್ಕೆ ಹೋಗುತ್ತಿದ್ದರು. ಎರಡು ದಿನ ಇದ್ದು, ಮನೆಯ ಹರಿದ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟು ಬರುತ್ತಿದ್ದರು. ಆಮೇಲೆ ಹೋಗಲಿಲ್ಲ. ಶೋಭಾಳ ಫೋನು ಬಂದರೆ ಮಾನಸಾ ಹತ್ತಿರ, "ಕೈಯಲ್ಲಿ ಕೆಲ್ಸ ಅದೆ ಹೇಳು," ಎನ್ನುತ್ತಿದ್ದರು. ನಾನು ಹೇಳಿದ್ದನ್ನು ಮಾನಸಾಗೂ ಹೇಳಲಿಲ್ಲ. ಗೇಮು ನಿಂತಿತು. ಟಿವಿ ಕೂಡ. ಇದನ್ನೆಲ್ಲ ನಾನು ಪಕ್ಕದ ಮನೆಯಿಂದ ಎರಡು ತಿಂಗಳು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಅವರು ನನ್ನೊಡನೆ ಮಾತು ಬಿಟ್ಟಿರಲಿಲ್ಲ. ನಾನು ಪಾಪದ ಕೂಲಿಯವನು ಎಂದು ನಂಬಿದ್ದರು. ಚಾ ಕೊಡುತ್ತಿದ್ದರು, ಕುಡಿಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಶೋಭಾಳೇ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಮಧ್ಯಾಹ್ನದವರೆಗೂ ಮಶಿನ್ನಿನ ಸದ್ದು ನಿಲ್ಲಲಿಲ್ಲ. ಬಸ್ಸಿಗೆ ಹೋಗುವಾಗ ನಮ್ಮ ಅಂಗಳಕ್ಕೆ ಬಂದು ನಿಂತಳು. ಐವತ್ತರ ಹತ್ತಿರದ ಹೆಂಗಸು, ಶಾಲೆಯಲ್ಲಿ ಏಟು ತಿಂದು ಬಂದ ಮಗುವಿನ ಮುಖ.

"ಅತ್ತೆಗೆ ನನ್ನ ಮೇಲೆ ಎಂತ ಸಿಟ್ಟು ಅಂತ ನಿಮಗೇನಾದ್ರೂ ಗೊತ್ತಾ? ನಾ ಎಂತ ತಪ್ಪು ಮಾಡ್ದೆ ಹೇಳಿದ್ರೆ ಕಾಲಿಗೆ ಬೀಳ್ತಿದ್ದೆ."

"ಗೊತ್ತಿಲ್ಲ ತಂಗಿ," ಎಂದೆ. ಬ್ಯಾಟರಿಯದನ್ನೂ ಸೇರಿಸಿದರೆ ಅದು ನಾಲ್ಕನೆಯ ಸುಳ್ಳು.

ಆದರೆ ಅದನ್ನು ಇಟ್ಟುಕೊಂಡು ಇರಲಾಗಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ, ಕುರ್ಚಿ ಎಳೆದುಕೊಳ್ಳದೆ, ನಿಂತೇ ಹೇಳಿದೆ. ಗಂಡಿನ ಕಡೆಯವರು ಯಾರೂ ಹೇಳಿರಲಿಲ್ಲ. ಶೋಭಾಗೆ ಏನೂ ಗೊತ್ತಿಲ್ಲ, ಅವಳಿಗೂ ನಾನು ಬ್ಯಾಟರಿಯ ಕಥೆಯನ್ನೇ ಹೇಳಿದ್ದೆ. ಅದಕ್ಕೂ ಹಿಂದೆ ಹೊಳನಗದ್ದೆಯ ಒಂದು ಮದುವೆಯಲ್ಲಿ, ಮದುಮಗಳ ಪಕ್ಕ ವಿಧವೆಯೊಬ್ಬರು ಕಂಡರೆಂದು ಮನೆಯವರು ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲೆ ಎಸೆದು ಹೋಗಿದ್ದರು. ಆಮೇಲೆ ಯಾರಾದರೂ ಬೈಯುವ ಮೊದಲೇ ನಾನಾಗಿ ತೆಗೆದುಬಿಡುವುದು ಅಭ್ಯಾಸವಾಗಿತ್ತು. ಎರಡು ವಿಸಿಆರ್ ಜೋಡಿಸಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ, ಅಂಥವರು ಬಂದಲ್ಲೆಲ್ಲ ನಿಲ್ಲಿಸಿ, ಅವರು ಹೋದ ಮೇಲೆ ಮತ್ತೆ ಶುರು ಮಾಡುವುದು. ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರವೇ ಇನ್ನೊಂದು ಮದುವೆ ತುಂಬಿದ್ದೆ. ಹಾಗಾಗಿ ತೋರಿಸೋಣವೆಂದರೂ ಏನೂ ಉಳಿದಿರಲಿಲ್ಲ.

ಅವರು ಮಶಿನ್ನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

"ಯಾರೂ ಹೇಳ್ಲಿಲ್ಲ?"

"ಇಲ್ಲ ಅಕ್ಕಾ."

"ನಂಗೊಬ್ಳಿಗೇ ಮಾಡಿದ್ದಾ?"

"ಅಲ್ಲ. ಎಲ್ಲಾ ಮದುವೇಲೂ."

"ಎಷ್ಟು ಜನ?"

ನಾನು ಲೆಕ್ಕ ಇಟ್ಟಿರಲಿಲ್ಲ. ಅದನ್ನೇ ಹೇಳಿದೆ.

"ಅವ್ರೂ ಮನೇಲಿ ಯಾರನ್ನೋ ಬೈತಾ ಕೂತಿರ್ತ್ರು," ಎಂದರು.

ಗಾಲಿಯಿಂದ ಕೈ ತೆಗೆದು, "ಕತ್ತರ್ಸಿದ್ದು ನಾ ಹುಡುಕ್ದೆ. ಯಾರೂ ಹೇಳ್ಲಿಲ್ಲ ಅನ್ನುದು ಯಾವ ತುಂಡಲ್ಲೂ ಇರ್ಲಿಲ್ಲ. ಎಷ್ಟು ಸಲ ನೋಡಿದ್ರೂ ಅದು ಸಿಕ್ತಿರ್ಲಿಲ್ಲ. ಕೂಸಿನ ಹತ್ರ ಎರಡು ತಿಂಗಳು ಮಾತಾಡ್ಲಿಲ್ವಲ್ಲ ನಾನು," ಎಂದರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದರು. ಹೆದ್ದಾರಿಯವರೆಗೆ ಚೀಲ ಹಿಡಿದುಕೊಂಡು ಜೊತೆಗೆ ಹೋದೆ, ಬೇಡ ಎನ್ನಲಿಲ್ಲ. ಭಟ್ಕಳದ ಬಸ್ಸು ಬಂತು.

"ಬ್ಲೌಸ್ ಕೇಳೂಕೆ ಯಾರಾದ್ರೂ ಬಂದ್ರೆ ಎಂತ ಹೇಳ್ಲಿ ಅಕ್ಕಾ?"

"ಶೋಭಾ ಮನೆಗೆ ಹೋಗಿದ್ರು ಹೇಳು," ಎಂದು ಮೆಟ್ಟಿಲು ಹತ್ತಿ ತಿರುಗಿದರು. "ಬ್ಯಾಟರಿ ಮುಗೀತು ಅನ್ಬೇಡ."

ಕಂಡಕ್ಟರನಿಗೆ ಅರ್ಥವಾಗಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಕಾಲು ಊದಿಕೊಂಡಿತೆಂದು ಶೋಭಾ ಅವರನ್ನು ತಿರುಗಿ ಕಳಿಸಲಿಲ್ಲ. ಮಾನಸಾ ಬಂದು ಬಟ್ಟೆಬರೆ, ಮಶಿನ್ನು ಎಲ್ಲವನ್ನೂ ಟೆಂಪೋದಲ್ಲಿ ಸಾಗಿಸಿದಳು. ಮುಂದಿನ ಆಷಾಢದಲ್ಲಿ ನಾಗವೇಣಕ್ಕ ಅಲ್ಲಿಯೇ ತೀರಿಕೊಂಡರು.

ಹನ್ನೆರಡನೇ ದಿನ ಭಟ್ಕಳಕ್ಕೆ ಹೋದೆ. ನನಗೆ ಕರೆ ಇರಲಿಲ್ಲ. ಮನೆಯವರಿಗೆ ಎಲ್ಲ ಗೊತ್ತಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮಾನಸಾ ನನ್ನನ್ನು ಕಂಡು ಒಳಗೆ ಹೋದಳು. ಊಟ ಮುಗಿದು ಜನ ಚದುರಿದ ಮೇಲೆ ಶೋಭಾ ಬಂದು ಎದುರಿನ ಬೆಂಚಿನ ಮೇಲೆ ಕುಳಿತಳು.

"ನೀವು ತೆಗ್ದು ಹಾಕಿದ್ದನ್ನ ಭೂಮಿ ಮೇಲೆ ನೋಡಿದೋರು ನೀವೊಬ್ರೇ," ಎಂದಳು. "ಹನ್ನೊಂದು ಕಡೆ ಅಂತ ಅತ್ತೆ ಹೇಳ್ತಿತ್ತು. ಒಂದೊಂದೇ ಹೇಳಿ."

ಹೇಳಿದೆ. ಇಪ್ಪತ್ತೇಳು ವರ್ಷ ಮರೆತಿದ್ದೇನೆ ಎಂದುಕೊಂಡದ್ದು ಮರೆತಿರಲಿಲ್ಲ. ಧಾರೆಯ ಹೊತ್ತಿಗೆ ನಾಗವೇಣಕ್ಕ ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ವಾಲಗ ಜೋರಾದಾಗ ಎಲ್ಲರೂ ಅಕ್ಷತೆ ಎಸೆದರು, ಅವರ ಕೈ ಮೇಲೆ ಬಂದು ಹಾಗೆಯೇ ಇಳಿಯಿತು. ಮುಷ್ಟಿ ಬಿಚ್ಚಲಿಲ್ಲ. ಅಕ್ಷತೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕೇಳುತ್ತ ಶೋಭಾ ಅಳಲಿಲ್ಲ, ಬೆರಳು ಮಡಚಿ ಎಣಿಸುತ್ತಿದ್ದಳು. ಹತ್ತು ಆಯಿತು.

ಹನ್ನೊಂದನೆಯದು ಬೆಳಗಿನದು. ಅವಳ ರವಿಕೆಯ ಬೆನ್ನಿನ ಹುಕ್ಕು ಕಿತ್ತುಹೋಗಿ, ಬಿಚ್ಚಲು ಸಮಯವಿಲ್ಲದೆ, ಮೈಮೇಲಿದ್ದ ಹಾಗೆಯೇ ನಾಗವೇಣಕ್ಕ ಹಿಂದೆ ನಿಂತು ಹೊಲಿದಿದ್ದರು.

"ಅದು ನೆನಪದೆ," ಎಂದಳು ಶೋಭಾ. "ಬೆನ್ನಿಗೆ ಉಸಿರು ತಾಗ್ತಿತ್ತು. ಅಳ್ತಾ ಅದೆ ಅಂದ್ಕಂಡು ನಾ ತಿರುಗಿ ನೋಡ್ಲಿಲ್ಲ. ನೋಡಿದ್ರೆ ನಾನೂ ಅಳ್ತಿದ್ದೆ. ಅಳ್ತಾ ಇತ್ತಾ ಅತ್ತೆ?"

ನಾನು ಕ್ಯಾಮೆರಾ ಹಿಡಿದು ಮೂರು ಅಡಿ ದೂರದಲ್ಲಿದ್ದೆ.

"ಇಲ್ಲ," ಎಂದೆ. "ಕೊನೇ ಗಂಟು ಹಾಕಿ, ಬಾಗಿ, ದಾರನ ಹಲ್ಲಲ್ಲಿ ಕಚ್ಚಿದ್ರು. ಕಚ್ಚಿದ ದಾರ ಬಿಡ್ದೆ, ಬಾಯಿ ಮುಚ್ಕಂಡೇ ನಗ್ತಾ ಇದ್ರು."