ಊಟದೆಲೆಯ ಗೊಬ್ಬರ

ದೋಹಾಕ್ಕೆ ಬರುವ ಮೊದಲು ನಾನು ಮಲೇಷ್ಯಾದ ಒಂದು ನರ್ಸರಿಯಲ್ಲಿ ಎಣ್ಣೆತಾಳೆಯ ಸಸಿ ಬೆಳೆಸುತ್ತಿದ್ದೆ. ಅಲ್ಲಿಯದು ಪೀಟ್ ನೆಲ. ಪೀಟ್ ಎಂದರೆ ಜೌಗಿನ ನೀರೊಳಗೆ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಬಿದ್ದಿದ್ದ ಎಲೆ, ಬೇರು. ನೀರು ಬಸಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನತೊಡಗುತ್ತವೆ. ಅದರೊಳಗಿನ ಇಂಗಾಲ ಗಾಳಿ ಸೇರುತ್ತದೆ. ನೆಲ ಕುಸಿದು ಹಳೆಯ ಮರಗಳ ಬೇರು ಮೇಲೆದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಅಲ್ ವಕ್ರಾ ರಸ್ತೆಯ ನಮ್ಮ ಹೂಗಿಡದ ನರ್ಸರಿಗೂ ಗಿಡ ನೆಡಲು ಮಣ್ಣಿನ ಬದಲು ಕಂಟೇನರಿನಲ್ಲಿ ಪೀಟ್ ಬಂದಾಗ, ಮರಳುಗಾಡಿಗೆ ಬಂದರೂ ಈ ಶನಿ ಬಿಡಲಿಲ್ಲವಲ್ಲ ಅನ್ನಿಸಿತು.

ಬದಲಿಗೆ ಕಾಂಪೋಸ್ಟ್ ಮಾಡುತ್ತೇನೆಂದು ಮ್ಯಾನೇಜರನ ಬೆನ್ನು ಹತ್ತಿದೆ. ಲೆಬನಾನಿನವ, ಒಳ್ಳೆಯ ಮನುಷ್ಯ. "ಒಂದು ಪಾತಿ ಮಾಡು. ಗಿಡ ಬಂದರೆ ಪೀಟ್ ಖಲಾಸ್," ಎಂದ.

ಹಸಿ ಕಸಕ್ಕೆ ನಮ್ಮ ತುಳುವರೇ ಗತಿ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಬ್ಬ ಅಕ್ಕನ ಮನೆಯಲ್ಲಿ ಅಷ್ಟಮಿಯ ಊಟವಿತ್ತು. ಎಲೆ ತೆಗೆಯುವ ಹೆಂಗಸರಿಗೆ ಸೂಕ್ಷ್ಮಜೀವಿಗಳ ಬಗ್ಗೆ ಭಾಷಣ ಬಿಗಿದು, ಏನನ್ನೂ ಬಿಸಾಡಬೇಡಿ ಎಂದೆ. ಎಲೆಯ ತುದಿಯ ಉಪ್ಪಿನಕಾಯಿ, ಊರಿನಿಂದ ತಂದ ಹಲಸಿನ ಉಪ್ಪಿನ ಸೊಳೆ, ಮಾವಿನಕಾಯಿ ಭರಣಿಯ ಉಪ್ಪುನೀರು, ಎಲ್ಲವನ್ನೂ ಸುರಿಸಿಕೊಂಡೆ. ಊರಲ್ಲಿ ತೆಂಗಿನ ಬುಡಕ್ಕೆ ಏನು ಚೆಲ್ಲಿದರೂ ಮಳೆ ತೊಳೆದೊಯ್ಯುತ್ತದೆ. ಆ ಧೈರ್ಯವನ್ನು ಕತಾರಿಗೂ ತಂದಿದ್ದೆ.

ಗೊಬ್ಬರ ಕಪ್ಪಗೆ ಚೆನ್ನಾಗಿಯೇ ಕಂಡಿತು. ಚಳಿಗಾಲಕ್ಕೆ ಅದನ್ನು ಹಾಕಿದ ಪಾತಿಯಲ್ಲಿ ಪೆಟೂನಿಯಾ ಹೂಗಿಡ ನೆಟ್ಟೆ. ಎಲೆಗಳ ಅಂಚು ಸುಟ್ಟಿತು, ಆಮೇಲೆ ಗಿಡವೇ ಕುಸಿಯಿತು. ಆ ಶುಕ್ರವಾರವೇ ಅಕ್ಕ ಮಕ್ಕಳನ್ನು ಕರೆದುಕೊಂಡು ನೋಡಲು ಬಂದರು.

"ನಮ್ಮ ಗೊಬ್ಬರದ್ದು ಯಾವುದು ಮಾರಾಯ? ಆ ಸುಟ್ಟದ್ದಾ?"

ಉಪ್ಪು ಹೆಚ್ಚಾಯಿತು ಎಂದೆ. ಮುಖ ಎತ್ತಲಾಗಲಿಲ್ಲ.

"ಛೆ, ನಮ್ಮಿಂದ ಹಾಳಾಯ್ತಲ್ಲ," ಎಂದರು ಅಕ್ಕ. ಭರಣಿ ಸುರಿಯಿರಿ ಎಂದವನು ನಾನೇ ಅಂತ ಎಷ್ಟು ಹೇಳಿದರೂ ಅವರ ಮುಖ ಸಣ್ಣದಾಗಿಯೇ ಉಳಿಯಿತು. ಮ್ಯಾನೇಜರ್ ಬೈಯಲಿಲ್ಲ, ಭುಜ ತಟ್ಟಿ ಮತ್ತೆ ಪೀಟ್ ತರಿಸಿದ. ನನ್ನ ಗೊಬ್ಬರದ ರಾಶಿಯನ್ನು ಲಾರಿಗೆ ತುಂಬಿಸಿ ಕಳಿಸಿಬಿಟ್ಟ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಶುಕ್ರವಾರ ಅಕ್ಕ ಒಬ್ಬರೇ ಬಕೆಟ್ ಹಿಡಿದು ಗೇಟಿಗೆ ಬಂದರು. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು.

"ಉಪ್ಪು ತಾಗಿದ್ದು ಒಂದೂ ಇಲ್ಲ. ಆದರೂ ಎಲ್ಲ ತೊಳೆದೇ ತಂದದ್ದು. ಈಗ ಆಗ್ತದಲ್ವಾ?"

ಒಳಗೆ ಹುಡುಗರು ಪೀಟ್ ಮೂಟೆ ಇಳಿಸುತ್ತಿದ್ದರು. ಎಲ್ಲ ಮುಗಿಯಿತು ಎನ್ನಲು ನಾಚಿಕೆಯಾಗಿ, "ಆಗ್ತದೆ ಅಕ್ಕ," ಎಂದೆ. ಅವರ ಕಾರು ತಿರುಗಿದ ಮೇಲೆ ಬಕೆಟನ್ನು ರಸ್ತೆಯ ಕಸದ ತೊಟ್ಟಿಗೆ ಸುರಿದೆ. ಸಿಪ್ಪೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.