ಸಾಲಿನ ಕೊನೆಯ ಹಡಗು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಅಪ್ಪ ಇರುವ ತನಕ ಬೇಡ ಅಂದುಕೊಂಡೆ, ಆಮೇಲೆ ಮಕ್ಕಳ ಮದುವೆಯಾಗಲಿ ಅಂದುಕೊಂಡೆ. ಈಗ ನೆಪಗಳು ಮುಗಿದಿವೆ. ಹೈಸ್ಕೂಲಿನ ತನಕವಷ್ಟೇ ಓದಿದವನು ನಾನು, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದ ಆರಂಭ, ಯುದ್ಧ ಮುಗಿದ ಮರುಬೇಸಿಗೆ. ರೇಡಿಯೋದಲ್ಲಿ ಕೇಳಿದ ಸಬ್‌ಮರೀನು ನಮ್ಮ ತಲೆ ಹೊಕ್ಕಿತ್ತು. ಸಮುದ್ರ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಜೈನಾಪುರದ ನಮ್ಮ ಹೊಲದ ಮೆಟ್ಟಿಲುಬಾವಿಯಲ್ಲೇ ಆಟ ಕಟ್ಟಿದೆವು. ಮೂವರು ಹುಡುಗರು ಹಡಗುಗಳು, ಸಾಲಾಗಿ ಮೆಟ್ಟಿಲಿನಿಂದ ಎದುರು ಗೋಡೆಗೆ ಈಜಬೇಕು. ಒಬ್ಬ ಅವರ ಪಕ್ಕದಲ್ಲಿ ಕಾವಲು ಈಜಬೇಕು. ಸಬ್‌ಮರೀನು ಮಾತ್ರ ನೀರಿನ ಕೆಳಗೆ. ಅದು ಅಂಗಾಲಿಗೆ ಎರಡು ಸಲ ತಟ್ಟಿದರೆ ಹಡಗು ಮುಳುಗಿದಂತೆ. ಮುಳುಗಿದವನು ಉಳಿದವರು ಹತ್ತು ಎಣಿಸುವ ತನಕ ಮೇಲೆ ಬರುವಂತಿಲ್ಲ.

ಸಬ್‌ಮರೀನು ಯಾವಾಗಲೂ ನಾನೇ. ದಾಳಿಯ ಉಪಾಯಗಳನ್ನು ಪಂಪಿನ ಕೋಣೆಯ ಗೋಡೆಗೆ ಇದ್ದಿಲಿನಿಂದ ಬರೆದಿಟ್ಟಿದ್ದೆ. ಮುಂದಿನ ಹಡಗಿನ ಗೊಡವೆಗೆ ಹೋಗಬಾರದು, ಕಾವಲು ಅದರ ಹತ್ತಿರವೇ ಇರುತ್ತದೆ. ಇಳಿಹೊತ್ತಿನಲ್ಲಿ ಬಾವಿಯ ಅರ್ಧಕ್ಕೆ ನೆರಳು ಬೀಳುತ್ತದೆ, ಆ ಕಡೆಯಿಂದಲೇ ಬರಬೇಕು. ಸಾಲನ್ನು ದಾಟಲು ಬಿಟ್ಟು ಕೊನೆಯದನ್ನು ಹಿಡಿಯಬೇಕು. ಹೊಡೆದ ಮೇಲೆ ದೂರ ಓಡಬಾರದು, ಸಾಲಿನ ಕೆಳಗೇ ಹೋಗಿ ಸುಮ್ಮನಿರಬೇಕು, ಯಾಕೆಂದರೆ ಕಾವಲಿನವನು ಹುಡುಕುವುದು ಹೊರಗಡೆ. ಈ ಕೊನೆಯ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಸಾಲಿನ ಕೊನೆಗಿರುತ್ತಿದ್ದವನು ನನ್ನ ಸೋದರಮಾವನ ಮಗ. ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವನು, ನನ್ನ ಓರಗೆಯವನು, ಬೇಸಿಗೆ ಸೂಟಿಗೆ ಬಂದು ಈಜು ಕಲಿಯುತ್ತಿದ್ದ. ಬೆನ್ನಿಗೆ ಒಣ ಕತ್ತಾಳಿ ದಿಂಡಿನ ಬೆಂಡು ಕಟ್ಟಿಕೊಂಡೇ ನೀರಿಗಿಳಿಯುತ್ತಿದ್ದ. ಬೆಂಡು ಇದ್ದವನು ಮುಳುಗುವುದಿಲ್ಲವಲ್ಲ, ಹಾಗಾಗಿ ಪ್ರತಿ ಸಲ ತಟ್ಟಿದಾಗಲೂ, “ತಾಗಿಲ್ಲಲೇ, ಮೀನ ಮುಟ್ಟಿತ್ತು,” ಎಂದು ನಗುತ್ತಿದ್ದ. ಎಲ್ಲರೂ ಅವನ ಜೊತೆ ನಗುತ್ತಿದ್ದರು.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಕಲಿಯುವವನಿಗೆ ಬೆಂಡು ಕಟ್ಟುವವನು ಒಬ್ಬನೇ, ಅವನ ಜೀವಕ್ಕೆ ಹೊಣೆಯೂ ಅವನೇ. ಬೇರೆ ಯಾರೂ ಆ ಗಂಟು ಮುಟ್ಟುವಂತಿಲ್ಲ. ಅಣ್ಣತಮ್ಮಂದಿರಲ್ಲೂ ಇದೇ ನಡೆಯುತ್ತಿತ್ತು. ನಮ್ಮ ಗುಂಪಿನಲ್ಲಿ ಕಟ್ಟುತ್ತಿದ್ದವನು ಕಾವಲಿನವನು. ಅವನು ಅರಳೆ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರ ಮನೆಯ ಹುಡುಗ, ನನ್ನ ಬೆಂಚಿನವನು. ಅವನ ಗಂಟು ನೀರು ಕುಡಿದಷ್ಟೂ ಬಿಗಿಯಾಗುತ್ತಿತ್ತು.

ಆ ದಿನ ಮಾವನ ಮಗ ಮೆಟ್ಟಿಲ ಮೇಲೆ ಕೂತಿದ್ದಾಗ, ಗಂಟು ಸಡಿಲಾಗಿದೆಯೇನೋ ನೋಡುತ್ತೇನೆಂದು ಅವನ ಬೆನ್ನ ಹಿಂದೆ ಹೋದೆ. ಕಾವಲಿನವನು ಮೇಲೆ ಅಂಗಿ ಕಳಚುತ್ತಿದ್ದ. ನಾನು ಗಂಟನ್ನು ಅರ್ಧ ಬಿಚ್ಚಿದೆ. ಸಾಯಿಸಬೇಕೆಂದಲ್ಲ. ಒಂದು ಸಲ ಮುಳುಗಲಿ, ಆಗ ಸುಳ್ಳು ಹೇಳುವುದಕ್ಕೆ ಆಗುವುದಿಲ್ಲ ಎಂದಷ್ಟೇ.

ನೆರಳಿನ ಕಡೆಯಿಂದ ಬಂದೆ. ಎರಡು ಹಡಗು ದಾಟಿದವು. ಮೂರನೆಯವನ ಅಂಗಾಲು ತಟ್ಟಿ ಬೆಂಡಿನ ಹಗ್ಗದ ತುದಿ ಜಗ್ಗಿದೆ. ಬಿಚ್ಚಿಕೊಂಡಿತು. ನಾನು ಉಪಾಯದಂತೆ ಸಾಲಿನ ಕೆಳಗೆ ಸರಿದು ಗೋಡೆಯ ಕಲ್ಲು ಹಿಡಿದು ನಿಂತೆ.

ಅಲ್ಲಿಂದ ಕಂಡದ್ದು ಇಂದಿಗೂ ಕಣ್ಣು ಮುಚ್ಚಿದರೆ ಬರುತ್ತದೆ. ಹಸಿರು ನೀರಿನಲ್ಲಿ ಎರಡು ಕಾಲು ಒದೆಯುತ್ತಿದ್ದವು. ಆಮೇಲೆ ಅವು ನನ್ನ ಮಟ್ಟಕ್ಕೆ ಇಳಿದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಾಚಲಿಲ್ಲ. ಹೆದರಿ ಕಲ್ಲನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದರೆ ನನ್ನನ್ನೂ ಎಳೆದುಕೊಂಡಾನು, ಮೇಲೆ ಹೋದರೆ ನಾನೇ ಮಾಡಿದ್ದೆಂದು ತಿಳಿದೀತು, ಎರಡೂ ಹೆದರಿಕೆ ಒಟ್ಟಿಗೇ ಇದ್ದವು. ಮೇಲೆ ಅವರು ಎಣಿಸುತ್ತಿದ್ದರು. ಕೊನೆಗೂ ಮುಳುಗಿದನೆಂದು ಖುಷಿಯಿಂದ ಎಳೆದೆಳೆದು ಎಣಿಸುತ್ತಿದ್ದರು. ನೀರಿನೊಳಗೆ ಅಂಕಿ ಕೇಳುವುದಿಲ್ಲ, ಗದ್ದಲವಷ್ಟೇ ಕೇಳುತ್ತದೆ. ಒದೆಯುವ ಕಾಲು ನಿಂತಿತು. ಗದ್ದಲವೂ ನಿಂತಿತು.

ಆರಕ್ಕೆ ಎಣಿಕೆ ನಿಲ್ಲಿಸಿದವನು ಕಾವಲಿನವನು ಎಂದು ಆಮೇಲೆ ತಿಳಿಯಿತು. ತೇಲುತ್ತಿದ್ದ ಬೆಂಡನ್ನು ಕಂಡು, “ಅಂವಗ ಈಜ ಬರೂದಿಲ್ಲಲೇ,” ಅಂದವನೇ ಧುಮುಕಿದ್ದ. ನನ್ನ ಎದುರಿಗೇ ಬಂದು, ಮುಳುಗಿದವನ ಕೂದಲು ಹಿಡಿದು ಎಳೆದುಕೊಂಡು ಹೋದ. ನನ್ನನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ.

ದಂಡೆಯ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದೆವು. ಮುಖ ಬೂದಿಯಂತಿತ್ತು. ಎಷ್ಟು ಹೊತ್ತೋ. ಕೊನೆಗೆ ನೀರು ಕಾರಿ ಕೆಮ್ಮಿದ. ಅಷ್ಟರಲ್ಲಿ ಅಪ್ಪ ಹೊಲದಿಂದ ಓಡಿ ಬಂದಿದ್ದ. ಬೆಂಡನ್ನು ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿದ.

“ಕಟ್ಟಿದವ್ರು ಯಾರು?”

“ನಾನ ಕಟ್ಟೇನ್ರಿ, ಕಾಕಾ,” ಅಂದ ಕಾವಲಿನವನು.

ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿಯೆಂದುಕೊಂಡು ಯಾರೋ ಟಾವೆಲ್ ಹೊದಿಸಿದರು. ಅಪ್ಪ ಕೈ ಎತ್ತಲಿಲ್ಲ. “ಇನ್ನ ಮ್ಯಾಲ ಯಾರಿಗೂ ಕಟ್ಟಬ್ಯಾಡಪಾ,” ಅಂದ, ಅಷ್ಟೇ. ಕಾವಲಿನವನು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಮಾವನ ಮಗನಿಗೆ ಮೆಟ್ಟಿಲ ಮೇಲಿನದು ನೆನಪಾದೀತೆಂದು ನಾನು ವರ್ಷಗಟ್ಟಲೆ ಹೆದರಿದೆ. ವಿಜಾಪುರದ ಬಸ್ಸಿನಿಂದ ಅವನು ಇಳಿದರೆ ನಾನು ಹೊಲದ ಕಡೆ ಹೊರಟುಬಿಡುತ್ತಿದ್ದೆ. ಆ ದಶಕದ ಕೊನೆಗೆ ತಡೆಯಲಾರದೆ ಅವನ ಓಣಿಗೇ ಹೋಗಿ ಎಲ್ಲ ಹೇಳಿದೆ. ಅವನು “ದಿನಾ ತಾಗತಿತ್ತಲೇ. ನಾನೂ ಸುಳ್ಳ ಹೇಳತಿದ್ನಿ,” ಎಂದು ನಕ್ಕ. ಚಹಾ ಕುಡಿಸಿದ. ಬಾಗಿಲ ತನಕ ಬಂದವನು ನಗು ಬಿಟ್ಟು ಕೇಳಿದ: “ಅಂವಗ ಹೇಳೀಯೇನು?”

ಕಾವಲು ಈಜುತ್ತಿದ್ದ ಆ ಗೆಳೆಯ ಅಷ್ಟರಲ್ಲಿ ಟಿಕೋಟಾದಲ್ಲಿ ಗಾದಿ ಅಂಗಡಿ ಇಟ್ಟಿದ್ದ. ಅಕ್ಕನ ಮದುವೆಗೆ ಗಾದಿ ಬೇಕೆಂಬ ನೆಪ ಮಾಡಿಕೊಂಡು ಹೋದೆ. ಹೊಲಿದದ್ದನ್ನು ಸುತ್ತಿ ಹಗ್ಗ ಬಿಗಿದು ಒಂದು ಗಂಟು ಹಾಕಿದ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಆಮೇಲೆ ತುದಿಯನ್ನು ನನ್ನ ಕೈಗೆ ಕೊಟ್ಟ.

“ಜಗ್ಗಿ ನೋಡಪಾ, ಬಿಚ್ಚತೈತೇನು. ನನ್ನ ಗಂಟಿನ ಮ್ಯಾಲ ನನಗ ನಂಬಿಗಿ ಇಲ್ಲ.”

ಜಗ್ಗಿದೆ. ಬಿಚ್ಚಲಿಲ್ಲ. “ಗಟ್ಟಿ ಐತಿ,” ಅಂದೆ. ಗಾದಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದುಬಿಟ್ಟೆ.

ನಾನು ಮುಳುಗಿಸಿದವನ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಬೆಂಡು ಕಟ್ಟಿದವನ ಕ್ಷಮೆ, ಟಿಕೋಟಾದ ಆ ಗಾದಿ ಹೊಲಿಯುವವನದು.